ಉಪ್ಪುಗಾಳಿಯ ಊರಿನಲ್ಲಿ ಟಿವಿ ಸ್ಟ್ಯಾಂಡ್: ಏನನ್ನು ಆರಿಸಬೇಕು, ಹೇಗೆ ಜೋಡಿಸಬೇಕು?

ಪ್ರಶ್ನೆ: ನಮ್ಮದು ಕಾರವಾರದ ಕೋಡಿಬಾಗದ ಕಡೆ ಚಿರೇಕಲ್ಲಿನಲ್ಲಿ ಕಟ್ಟಿದ ಹಳೆಯ ಮನೆ. 55 ಇಂಚಿನ ಟಿವಿ, ಎವಿ ರಿಸೀವರ್ (ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆ) ಮತ್ತು 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ದಪ್ಪ ದನಿಗೆ ಒಂದು ಸಬ್‌ವೂಫರ್) ಕೊಂಡಿದ್ದೇವೆ. ಸೆಟ್‌ಟಾಪ್ ಬಾಕ್ಸ್ ಮತ್ತು ಫೈಬರ್ ಮೋಡೆಮ್ ಮೊದಲಿನಿಂದಲೂ ಇವೆ. ಟಿವಿಯನ್ನು ಗೋಡೆಗೆ ತೂಗುಹಾಕೋಣ ಎಂದು ಮಗ, ಆನ್‌ಲೈನಿನಲ್ಲಿ ಬಿಡಿಭಾಗಗಳಾಗಿ ಬರುವ ಸ್ಟ್ಯಾಂಡ್ ತರಿಸೋಣ ಎಂದು ಸೊಸೆ ಹೇಳುತ್ತಿದ್ದಾರೆ. ನನಗೆ ಪರಿಚಯದ ಆಚಾರಿಯವರಿಂದ ಮಾಡಿಸುವ ಮನಸ್ಸು. ಹಿಂದಿನ 29 ಇಂಚಿನ ದಪ್ಪ ಟಿವಿಗೆ ಮಾಡಿಸಿದ್ದ ಹಲಸಿನ ಮರದ ಸ್ಟ್ಯಾಂಡೂ ಇದೆ. ಸೋಫಾದಲ್ಲಿ ಕುಳಿತರೆ ಟಿವಿಯ ಗೋಡೆ ಸುಮಾರು 9 ಅಡಿ ದೂರ. ಪಶ್ಚಿಮದ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಮನೆಯಲ್ಲಿ 3 ವರ್ಷದ ಮೊಮ್ಮಗನಿದ್ದಾನೆ. ಯಾವುದನ್ನು ಆರಿಸಬೇಕು, ಜೋಡಿಸುವಾಗ ಏನನ್ನು ಗಮನಿಸಬೇಕು?

ಉತ್ತರ: ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ವಿವರಿಸಿದ ಮನೆಯಲ್ಲಿ ಗೋಡೆಗೆ ತೂಗುಹಾಕುವುದು ಬೇಡ, ಪಾರ್ಟಿಕಲ್ ಬೋರ್ಡಿನ ಸ್ಟ್ಯಾಂಡೂ ಬೇಡ. ನೆಲದಿಂದ ಎತ್ತರದಲ್ಲಿ ಕಾಲುಗಳ ಮೇಲೆ ನಿಲ್ಲುವ, ಹಿಂಬದಿ ಬಹುಪಾಲು ತೆರೆದಿರುವ, ನೀರಿಗೆ ತಡೆಯುವ ಪ್ಲೈವುಡ್ಡಿನ ಸ್ಟ್ಯಾಂಡನ್ನು ನಿಮ್ಮ ಆಚಾರಿಯವರಿಂದಲೇ, ಆದರೆ ಬಿಚ್ಚಿ ಜೋಡಿಸಲು ಬರುವಂತೆ, ಮಾಡಿಸಿಕೊಳ್ಳಿ. ಸ್ಟ್ಯಾಂಡ್ ಎಂದೊಡನೆ ನಾವು ತೂಕದ ಬಗ್ಗೆ ಯೋಚಿಸುತ್ತೇವೆ. ಆದರೆ ಇಂದಿನ 55 ಇಂಚಿನ ಟಿವಿ ಸಾಮಾನ್ಯವಾಗಿ 20 ಕಿಲೋಗಿಂತ ಕಡಿಮೆಯೇ ಇರುತ್ತದೆ, ರಿಸೀವರ್ ಸುಮಾರು 10 ಕಿಲೋ. ಇಷ್ಟನ್ನು ಯಾವ ಮೇಜಾದರೂ ಹೊತ್ತೀತು. ಕರಾವಳಿಯಲ್ಲಿ ಉಪಕರಣವನ್ನೂ ಪೀಠೋಪಕರಣವನ್ನೂ ಕೆಡಿಸುವುದು ತೇವ, ಉಪ್ಪು ಮತ್ತು ಒಳಗೆ ಸಿಕ್ಕಿಬಿದ್ದ ಬಿಸಿ. ಆದ್ದರಿಂದ ಸ್ಟ್ಯಾಂಡಿನ ಸುತ್ತ, ಅಡಿಯಲ್ಲಿ ಮತ್ತು ಹಿಂದೆ ಗಾಳಿ ಹೇಗೆ ಆಡುತ್ತದೆ ಎಂಬುದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡು ಮುಂದಿನದೆಲ್ಲವನ್ನೂ ನಿರ್ಧರಿಸಬೇಕು.

ಗೋಡೆಯ ವಿಚಾರ. ಚಿರೇಕಲ್ಲು ಭಾರ ಹೊರಲು ಗಟ್ಟಿಯಾದರೂ ಎಲ್ಲ ಕಡೆ ಒಂದೇ ರೀತಿ ಗಟ್ಟಿಯಾಗಿರುವುದಿಲ್ಲ. ಕಲ್ಲಿನ ಮೈಯೊಳಗೆ ತೂತುಗಳೂ ಮೆದು ಮಣ್ಣಿನ ಎಳೆಗಳೂ ಇರುವುದರಿಂದ ಡ್ರಿಲ್ಲಿನ ಮೊನೆ ನೇರ ಹೋಗದೆ ಮೆದುವಾದ ಕಡೆಗೆ ಜಾರುತ್ತದೆ, ತೂತು ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಪ್ಲಾಸ್ಟಿಕ್ ಗೂಟಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಹಳೆಯ ಮನೆಗಳಲ್ಲಿ ಕಲ್ಲಿನ ನಡುವಿನ ಗಾರೆ ಕೂಡ ಮಣ್ಣಿನದೋ ಸುಣ್ಣದ್ದೋ ಆಗಿರುವ ಸಂಭವ ಹೆಚ್ಚು. ಮುಂದಕ್ಕೆ ಎಳೆದು ತಿರುಗಿಸಬಹುದಾದ ತೋಳಿನ ಬ್ರಾಕೆಟ್ ಹಾಕಿದರಂತೂ ಟಿವಿಯ ತೂಕ ಮೇಲಿನ ಬೋಲ್ಟುಗಳನ್ನು ಹೊರಕ್ಕೆ ಕೀಳುವ ಸನ್ನೆಯಾಗಿ ಕೆಲಸ ಮಾಡುತ್ತದೆ. ಉದ್ದದ ಆಂಕರ್ ಮತ್ತು ರಾಸಾಯನಿಕ ಅಂಟು ಬಳಸಿ ಇದನ್ನು ಸರಿಯಾಗಿ ಮಾಡಲು ಸಾಧ್ಯವಿಲ್ಲ ಎಂದಲ್ಲ. ಆದರೆ ಟಿವಿಯ ಜೊತೆಗೆ ಬರುವ ಹುಡುಗರು ಹತ್ತು ನಿಮಿಷದಲ್ಲಿ ಹಾಕಿ ಹೋಗುವ ನಾಲ್ಕು ಗೂಟಗಳ ಮೇಲೆ ನನಗೆ ನಂಬಿಕೆಯಿಲ್ಲ. ಇದಕ್ಕಿಂತ ಮುಖ್ಯವಾಗಿ, ಗೋಡೆಗೆ ತೂಗುಹಾಕಿದರೂ ರಿಸೀವರ್, ಸೆಟ್‌ಟಾಪ್ ಬಾಕ್ಸ್ ಮತ್ತು ನಡುವಿನ ಸ್ಪೀಕರಿಗೆ ಒಂದು ಸ್ಟ್ಯಾಂಡ್ ಬೇಕೇ ಬೇಕು. ಎರಡು ಖರ್ಚು ಏಕೆ?

ಯಾವ ಗೋಡೆಯ ಬಳಿ ಇಡಬೇಕು ಎಂಬುದನ್ನು ಅಳತೆ ತೆಗೆಯುವ ಮೊದಲೇ ತೀರ್ಮಾನಿಸಿ. ನೈಋತ್ಯ ಮಳೆಗಾಲದ ಗಾಳಿ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ. ಚಿರೇಕಲ್ಲು ನೀರು ಹೀರುವ ಕಲ್ಲು. ಹೊರಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಒಳಮೈ ತಿಂಗಳುಗಟ್ಟಲೆ ತಣ್ಣಗೆ ಒದ್ದೆಯಾಗಿರುತ್ತದೆ. ಟಿವಿಗೆ ಒಳಗೋಡೆಯನ್ನು, ಅಂದರೆ ಎರಡೂ ಬದಿಗೆ ಕೋಣೆಗಳಿರುವ ಗೋಡೆಯನ್ನು ಆರಿಸಿ. ಅದು ಪಶ್ಚಿಮದ ಕಿಟಕಿಗೆ ಎದುರಾಗಿರುವುದಕ್ಕಿಂತ ಅಡ್ಡವಾಗಿದ್ದರೆ ಎರಡು ಲಾಭ: ಸಂಜೆಯ ಬಿಸಿಲು ತೆರೆಯ ಮೇಲೆ ಹೊಳೆಯುವುದಿಲ್ಲ, ಸಮುದ್ರದ ಕಡೆಯಿಂದ ಬೀಸುವ ಗಾಳಿ ನೇರವಾಗಿ ಉಪಕರಣಗಳ ಮೇಲೆ ಬೀಳುವುದಿಲ್ಲ. ಎಷ್ಟೇ ಒಳ್ಳೆಯ ಗೋಡೆಯಾದರೂ ಸ್ಟ್ಯಾಂಡನ್ನು ಅದಕ್ಕೆ ಒತ್ತಿ ಇಡದೆ 8ರಿಂದ 10 ಸೆಂಮೀ ಅಂತರ ಬಿಡಿ.

ಉಪ್ಪು ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿದ್ದರೆ ಉಳಿದ ಸಲಹೆಗಳ ಕಾರಣ ಸ್ಪಷ್ಟವಾಗುತ್ತದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪಿನ ಕಣಗಳು ಧೂಳಿನ ಜೊತೆ ಸೇರಿ ಉಪಕರಣದ ಒಳಗಿನ ಸರ್ಕ್ಯೂಟ್ ಬೋರ್ಡುಗಳ ಮೇಲೆ ಕೂರುತ್ತವೆ. ಒಣಗಿರುವಷ್ಟು ಕಾಲ ಅವು ಬಹುಮಟ್ಟಿಗೆ ನಿರುಪದ್ರವಿ. ಆದರೆ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದೊಡನೆ ಉಪ್ಪು ತೇವ ಹೀರಿ ಕರಗತೊಡಗುತ್ತದೆ. ಆಗ ಬೋರ್ಡಿನ ಮೇಲೆ ವಿದ್ಯುತ್ ಹರಿಯಬಲ್ಲ, ತಾಮ್ರವನ್ನು ತಿನ್ನಬಲ್ಲ ತೆಳುವಾದ ಉಪ್ಪುನೀರಿನ ಪದರ ಉಂಟಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಆರ್ದ್ರತೆ ಈ ಗೆರೆಯ ಮೇಲೆಯೇ ಇರುವುದು ಹೆಚ್ಚು. ಇದಕ್ಕೆ ಮದ್ದು ಉಪಕರಣದ ಸ್ವಂತ ಬಿಸಿಯಲ್ಲೇ ಇದೆ. 28 ಡಿಗ್ರಿಯಲ್ಲಿ 90 ಪ್ರತಿಶತ ಆರ್ದ್ರತೆಯಿರುವ ಗಾಳಿಯನ್ನು 35 ಡಿಗ್ರಿಗೆ ಬಿಸಿ ಮಾಡಿದರೆ, ಅದರಲ್ಲಿರುವ ನೀರಿನ ಪ್ರಮಾಣ ಅಷ್ಟೇ ಇದ್ದರೂ, ಸಾಪೇಕ್ಷ ಆರ್ದ್ರತೆ 60ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಉಪಕರಣವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಒಂದೆರಡು ಗಂಟೆ ನಡೆಸುವುದು ಅದಕ್ಕೆ ಹಿತ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಧೂಳಿಗೆ ಹೊದಿಸಲೇಬೇಕೆಂದಿದ್ದರೆ ಹತ್ತಿಯ ಬಟ್ಟೆ ಸಾಕು, ಅದೂ ಉಪಕರಣ ಆರಿದ ಮೇಲೆ.

ಇನ್ನು ಸಾಮಗ್ರಿ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಹೆಚ್ಚಿನ ಸ್ಟ್ಯಾಂಡುಗಳು ಪಾರ್ಟಿಕಲ್ ಬೋರ್ಡಿನವು. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗೆ ಎರಡೂ ಕಡೆ ಚಿತ್ತಾರದ ಪದರ ಅಂಟಿಸಿರುತ್ತಾರೆ. ಮೇಲ್ಮೈಯ ಮೂಲಕ ನೀರು ಇಳಿಯುವುದಿಲ್ಲ ಎಂಬುದು ನಿಜ. ನೀರು ಇಳಿಯುವುದು ಅಂಚಿನಿಂದ, ಸ್ಕ್ರೂ ತೂತಿನಿಂದ ಮತ್ತು ಕೇಬಲ್ಲಿಗೆಂದು ಕೊರೆದ ರಂಧ್ರದಿಂದ. ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದ ಮೇಲೂ ಹಿಂದಿನ ದಪ್ಪಕ್ಕೆ ಮರಳುವುದಿಲ್ಲ, ಉಬ್ಬಿದ ಜಾಗದಲ್ಲಿ ಸ್ಕ್ರೂ ಹಿಡಿಯುವುದೂ ಇಲ್ಲ. ದಿನವೂ ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ನಮ್ಮ ಮನೆಗಳಲ್ಲಿ, ನೆಲಕ್ಕೆ ತಾಗಿ ಕೂರುವ ಇಂಥ ಸ್ಟ್ಯಾಂಡಿನ ಕೆಳ ಅಂಚು ಮೊದಲ ಮಳೆಗಾಲದಲ್ಲೇ ಉಬ್ಬಲು ಶುರುವಾಗುತ್ತದೆ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಇದಕ್ಕಿಂತ ನಯವಾದದ್ದು, ಅಷ್ಟೇ. ನೀರಿನ ವಿಷಯದಲ್ಲಿ ಸಾಮಾನ್ಯ ಎಂಡಿಎಫ್ ಅನ್ನು ಹೆಚ್ಚು ನಂಬುವಂತಿಲ್ಲ.

ಪ್ಲೈವುಡ್ ಕೊಳ್ಳುವಾಗ ಅಂಗಡಿಯವರು ಹೇಳುವ ಹೆಸರಿಗಿಂತ ಹಲಗೆಯ ಮೇಲಿನ ಐಎಸ್ಐ ಮುದ್ರೆಯನ್ನು ನೋಡಿ. ಐಎಸ್ 710 ಎಂದಿದ್ದರೆ ಅದು ಬಿಡಬ್ಲ್ಯೂಪಿ ದರ್ಜೆಯ, ಸಾಮಾನ್ಯವಾಗಿ ಮರೀನ್ ಪ್ಲೈ ಎಂದು ಕರೆಯುವ ಹಲಗೆ. ಐಎಸ್ 303 ಮುದ್ರೆಯಡಿ ಎಂಆರ್ (ತೇವ ತಡೆಯುವ) ಮತ್ತು ಬಿಡಬ್ಲ್ಯೂಆರ್ (ಕುದಿಯುವ ನೀರನ್ನು ತಡೆಯುವ) ಎಂಬ ಎರಡು ದರ್ಜೆಗಳು ಮಾರುಕಟ್ಟೆಯಲ್ಲಿವೆ. ಇವುಗಳಲ್ಲಿ ಎಂಆರ್ ಒಳನಾಡಿನ ಒಣ ಊರುಗಳಿಗೆ ಸರಿ, ನಿಮಗೆ ಬೇಡ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಬಿಡಬ್ಲ್ಯೂಪಿ ಎಂದರೆ ಪದರಗಳ ನಡುವಿನ ಅಂಟು ಕುದಿಯುವ ನೀರಿನಲ್ಲಿಯೂ ಬಿಟ್ಟುಕೊಳ್ಳುವುದಿಲ್ಲ ಎಂದರ್ಥವೇ ಹೊರತು ಮರ ತೇವ ಹೀರುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ ಎಂದಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಮುಖಕ್ಕೆ ಮಾತ್ರ ಸನ್‌ಮೈಕಾ ಅಂಟಿಸಿ, ಹಿಂಬದಿ ಮತ್ತು ಅಡಿಯನ್ನು ಬರಿದಾಗಿ ಬಿಡುವ ರೂಢಿಗೆ ಒಪ್ಪಬೇಡಿ. ಒಂದು ಮುಖ ಮುಚ್ಚಿ ಇನ್ನೊಂದು ತೆರೆದಿದ್ದರೆ ತೇವ ಒಂದೇ ಕಡೆಯಿಂದ ಒಳಹೋಗಿ ಹಲಗೆ ಬಾಗುತ್ತದೆ. ಹಿಂಬದಿಗೆ ಅಗ್ಗದ ಸನ್‌ಮೈಕಾ ಆದರೂ ಸರಿ, ಎರಡು ಕೈ ಪಾಲಿಯುರೆಥೇನ್ ಪಾಲಿಶ್ ಆದರೂ ಸರಿ, ಏನಾದರೊಂದು ಇರಲಿ. ಕತ್ತರಿಸಿದ ಪ್ರತಿಯೊಂದು ಅಂಚಿಗೂ ಇದೇ ಮಾತು.

ಮರದಲ್ಲೇ ಮಾಡಿಸುವ ಆಸೆಯಿದ್ದರೆ ನಮ್ಮ ಜಿಲ್ಲೆಯಲ್ಲಿ ಮರಕ್ಕೇನೂ ಬರವಿಲ್ಲ. ದಾಂಡೇಲಿ, ಹಳಿಯಾಳದ ಕಡೆಯ ತೇಗ ಇದ್ದೇ ಇದೆ. ಹಲಸು, ಹೊನ್ನೆ, ಮತ್ತಿ ಕೂಡ ಬಾಳಿಕೆಯವು. ಆದರೆ ಹಸಿ ಹಲಗೆಯಲ್ಲಿ ಮಾಡಿದ ಸ್ಟ್ಯಾಂಡ್ ವರ್ಷದೊಳಗೆ ತಿರುಚಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಮರವೂ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಏಪ್ರಿಲಿನಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಜುಲೈನಲ್ಲಿ ಅಲುಗದಿರುವುದು ಇದರಿಂದಲೇ. ಮೇಲ್ಹಲಗೆ ಮತ್ತು ವಿಭಾಗಗಳಿಗೆ ಪ್ಲೈವುಡ್, ಕಾಲು ಮತ್ತು ಪಟ್ಟಿಗಳಿಗೆ ಮರ, ಇದು ನನ್ನ ಆಯ್ಕೆ. ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಕೂರಿಸಿದ ಸ್ಟ್ಯಾಂಡುಗಳು ನೋಡಲು ಚೆನ್ನ, ಗಾಳಿಗೂ ಚೆನ್ನ. ಆದರೆ ಪೌಡರ್ ಕೋಟಿಂಗ್ ಎಲ್ಲಿ ಒಂದಿಷ್ಟು ಎದ್ದಿದೆಯೋ ಅಲ್ಲಿಂದ, ಮುಖ್ಯವಾಗಿ ವೆಲ್ಡಿಂಗ್ ಮಾಡಿದ ಮೂಲೆ ಮತ್ತು ಕೊಳವೆಯ ತೆರೆದ ತುದಿಯಿಂದ, ತುಕ್ಕು ಒಳಗೊಳಗೇ ಹರಡುತ್ತದೆ.

ಅಳತೆಗೆ ಬರೋಣ. ಸ್ಟ್ಯಾಂಡ್ ಆರಿಸುವವರು ಟಿವಿಯನ್ನು ಅಳೆಯುತ್ತಾರೆ, ಅಳೆಯಬೇಕಾದದ್ದು ರಿಸೀವರನ್ನು. 55 ಇಂಚು ಎಂಬುದು ಮೂಲೆಯಿಂದ ಮೂಲೆಗಿನ ಅಳತೆ. ಅಂಥ ತೆರೆಯ ಅಗಲ ಸುಮಾರು 122 ಸೆಂಮೀ, ಎತ್ತರ ಸುಮಾರು 69 ಸೆಂಮೀ. ಈಗಿನ ಹೆಚ್ಚಿನ ಟಿವಿಗಳಿಗೆ ನಡುವಿನಲ್ಲಿ ಒಂದೇ ಪೀಠವಿರುವುದಿಲ್ಲ, ಎರಡು ತುದಿಗಳಲ್ಲಿ ಎರಡು ಕಾಲುಗಳಿರುತ್ತವೆ. ಆ ಕಾಲುಗಳ ಹೊರ ಅಂತರವನ್ನು ಪೆಟ್ಟಿಗೆಯಲ್ಲಿ ಬರುವ ಕೈಪಿಡಿಯ ಚಿತ್ರದಲ್ಲಿ ನೋಡಿಕೊಳ್ಳಿ. 150 ಸೆಂಮೀ ಅಗಲದ ಸ್ಟ್ಯಾಂಡಿನ ಮೇಲೆ ಟಿವಿಯ ಎರಡೂ ಬದಿಗೆ ತಕ್ಕಷ್ಟು ಜಾಗ ಉಳಿಯುತ್ತದೆ, ಆತುರದಲ್ಲಿ ನಡೆಯುವವರ ಮೈ ಟಿವಿಯ ಅಂಚಿಗೆ ತಗಲುವುದಿಲ್ಲ. ರಿಸೀವರಿನ ಅಗಲ ಬಹುತೇಕ ಎಲ್ಲ ಕಂಪನಿಗಳದ್ದೂ 43.5 ಸೆಂಮೀ ಆಸುಪಾಸು, ಆಳ 33ರಿಂದ 40, ಎತ್ತರ 15ರಿಂದ 17. ಇದರ ಬೆನ್ನಿಗೆ ಚುಚ್ಚುವ ಎಚ್‌ಡಿಎಂಐ ಮತ್ತು ಸ್ಪೀಕರ್ ತಂತಿಗಳು ಮುರಿಯದೆ ಬಾಗಲು ಇನ್ನೂ 7ರಿಂದ 8 ಸೆಂಮೀ ಬೇಕು. ಅಂದರೆ ಒಳಗಿನ ಆಳ 45 ಸೆಂಮೀಗಿಂತ ಕಡಿಮೆ ಇರಬಾರದು, ರಿಸೀವರ್ ದೊಡ್ಡದಾದರೆ 48 ಬೇಕು. ಟಿವಿಯ ಕಾಲುಗಳಿಗೆ ಅಷ್ಟು ಆಳ ಬೇಡದ ಕಾರಣ ಸಿದ್ಧ ಸ್ಟ್ಯಾಂಡುಗಳನ್ನು ಹಲವೊಮ್ಮೆ 35, 40 ಸೆಂಮೀ ಆಳಕ್ಕೇ ಮುಗಿಸಿರುತ್ತಾರೆ. ಅಂಥದ್ದರಲ್ಲಿ ರಿಸೀವರ್ ಮೂತಿ ಹೊರಹಾಕಿ ಕೂರುತ್ತದೆ, ಇಲ್ಲವೇ ಬೆನ್ನಿನ ಹಲಗೆಯನ್ನು ಪೂರ್ತಿ ಕಿತ್ತುಹಾಕಬೇಕಾಗುತ್ತದೆ.

ನಿಮ್ಮ ಆಚಾರಿಯವರಿಗೆ ಕೊಡಲು ಒಂದು ಲೆಕ್ಕ ಹೀಗಿರಲಿ. ಹೊರ ಅಗಲ 150, ಆಳ 48, ಒಟ್ಟು ಎತ್ತರ ಸುಮಾರು 50 ಸೆಂಮೀ. ಇದರಲ್ಲಿ ಕಾಲು 12, ಕೆಳಹಲಗೆ 18 ಮಿಮೀ, ಒಳಗಿನ ಎತ್ತರ 33 ಸೆಂಮೀ, ಮೇಲ್ಹಲಗೆ 25 ಮಿಮೀ. ನಿಲುವು ಹಲಗೆಗಳು 18 ಮಿಮೀ ದಪ್ಪದವು ನಾಲ್ಕು, ಉಳಿದ 142.8 ಸೆಂಮೀ ಜಾಗವನ್ನು ಸಮಪಾಲು ಮಾಡದೆ ರಿಸೀವರಿಗೆ 54, ನಡುವಿನ ಸ್ಪೀಕರಿಗೆ 50, ಸೆಟ್‌ಟಾಪ್ ಬಾಕ್ಸ್ ಮತ್ತು ಮೋಡೆಮ್‌ಗೆ ಮಿಕ್ಕ 38.8 ಎಂದು ಹಂಚಿ. ಆಗ ರಿಸೀವರಿನ ಎರಡೂ ಬದಿಗೆ 5 ಸೆಂಮೀ, ಮೇಲೆ 16 ಸೆಂಮೀ ಖಾಲಿ ಜಾಗ ಸಿಗುತ್ತದೆ. ರಿಸೀವರಿನ ಬಿಸಿ ಹೊರಬರುವುದು ಮುಖ್ಯವಾಗಿ ಅದರ ಮೇಲಿನ ಜಾಲರಿಯಿಂದ. ಆದ್ದರಿಂದ ಅದರ ತಲೆಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡುವುದು ಎರಡಕ್ಕೂ ಹಾನಿ. ನಿಮ್ಮ ಮಾದರಿಯ ಕೈಪಿಡಿ ಇದಕ್ಕಿಂತ ಹೆಚ್ಚಿನ ಅಂತರ ಕೇಳಿದರೆ ಅದನ್ನೇ ಪಾಲಿಸಿ.

ನಿಲುವು ಹಲಗೆಗಳು ಬರಿಯ ವಿಭಾಗ ಮಾಡುವುದಕ್ಕಲ್ಲ. ಒಂದೇ ತೂಕವನ್ನು ಹೊತ್ತ ಹಲಗೆಯ ಆಸರೆಗಳ ಅಂತರ ಎರಡು ಪಟ್ಟಾದರೆ ಅದರ ಬಾಗು ಎಂಟು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. ನಡುವೆ ಆಸರೆಯಿಲ್ಲದ ಒಂದೂವರೆ ಮೀಟರ್ ಹಲಗೆ ಮೊದಲ ದಿನ ನೇರವಾಗಿ ಕಂಡರೂ ವರ್ಷಗಳಲ್ಲಿ ಹೊಟ್ಟೆ ಇಳಿಯುತ್ತದೆ, ತೇವವಿರುವ ಊರಿನಲ್ಲಿ ಇನ್ನಷ್ಟು ಬೇಗ. ದಪ್ಪ ಹೆಚ್ಚಿಸಿದರೆ ಇದೇ ಲೆಕ್ಕ ನಮ್ಮ ಪರ ನಿಲ್ಲುತ್ತದೆ: 18ರ ಬದಲು 25 ಮಿಮೀ ಹಾಕಿದರೆ ಹಲಗೆಯ ಬಿಗಿ ಸುಮಾರು ಎರಡೂಮುಕ್ಕಾಲು ಪಟ್ಟು.

ಎತ್ತರದ ಬಗ್ಗೆ ಬಹಳ ವಾದಗಳಿವೆ; ನನ್ನ ಮಾತು ಚಿಕ್ಕದು. ಸೋಫಾದಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1 ಮೀಟರ್ ಮೇಲಿರುತ್ತದೆ. 50 ಸೆಂಮೀ ಸ್ಟ್ಯಾಂಡಿನ ಮೇಲೆ ಕಾಲು ಸೇರಿದ ನಿಮ್ಮ ಟಿವಿಯ ನಡುಭಾಗ 90ರ ಆಸುಪಾಸಿಗೆ ಬರುತ್ತದೆ, ಕುತ್ತಿಗೆ ಎತ್ತಬೇಕಾಗಿಲ್ಲ. ತೆರೆ ಗೋಡೆಯಿಂದ ಒಂದಡಿಗಿಂತ ಮುಂದಕ್ಕೆ ಬರುವುದರಿಂದ ನಿಮ್ಮ 9 ಅಡಿಯ ಅಂತರ ಏಳೂವರೆ ಅಡಿಯ ಸಮೀಪಕ್ಕೆ ಇಳಿಯುತ್ತದೆ. ಅಷ್ಟು ದೂರದಿಂದ 55 ಇಂಚಿನ ತೆರೆ ಕಣ್ಣಿಗೆ ಸುಮಾರು 30 ಡಿಗ್ರಿ ಅಗಲಕ್ಕೆ ಕಾಣುತ್ತದೆ, ಸಿನಿಮಾ ನೋಡಲು ಅದು ಹಿತವಾದ ಅಳತೆ.

ಹಲಸಿನ ಸ್ಟ್ಯಾಂಡನ್ನು ಎಸೆಯುವ ಮುನ್ನ ಒಂದು ಮಾತು. 29 ಇಂಚಿನ ಹಳೆಯ ಟಿವಿಗಳು 40 ಕಿಲೋ ದಾಟುತ್ತಿದ್ದವು, ಹಿಂದಕ್ಕೂ ಉದ್ದವಾಗಿದ್ದವು. ಹಾಗಾಗಿ ಆ ಕಾಲದ ಸ್ಟ್ಯಾಂಡುಗಳಿಗೆ ಇಂದು ಸಿಗದ ಆಳವೂ ಗಟ್ಟಿತನವೂ ಇವೆ. ಇಲ್ಲದಿರುವುದು ಅಗಲ ಮಾತ್ರ. ಹೊಸ ಟಿವಿಯ ಎರಡು ಕಾಲುಗಳನ್ನು ತೆಗೆದು, ಬೆನ್ನಿನ ನಾಲ್ಕು ವೆಸಾ ತೂತುಗಳಿಗೆ (ಬ್ರಾಕೆಟ್ ಕೂರಿಸಲೆಂದೇ ಇರುವ ತೂತುಗಳು) ಬೋಲ್ಟ್ ಆಗುವ, ನಡುವಿನಲ್ಲಿ ಒಂದೇ ಪೀಠವಿರುವ ಮೇಜಿನ ಮೇಲಿನ ಸ್ಟ್ಯಾಂಡನ್ನು ಪ್ರತ್ಯೇಕವಾಗಿ ಕೊಳ್ಳಬಹುದು. ನಿಮ್ಮ ಟಿವಿಯ ತೂತುಗಳ ಅಂತರ, ಉದಾಹರಣೆಗೆ 200ಕ್ಕೆ 200 ಅಥವಾ 300ಕ್ಕೆ 300 ಮಿಮೀ, ಮತ್ತು ಬೋಲ್ಟಿನ ದಪ್ಪ ಎಂ6 ಆಗಿದೆಯೇ ಎಂ8 ಆಗಿದೆಯೇ ಎಂಬುದನ್ನು ನೋಡಿ ತನ್ನಿ. ಹಲಸಿನ ಸ್ಟ್ಯಾಂಡಿನಲ್ಲಿ ಗೆದ್ದಲು ಇಲ್ಲದಿದ್ದರೆ, ಕೀಲುಗಳು ಅಲುಗದಿದ್ದರೆ, ಒಳಗಿನ ಆಳ ರಿಸೀವರಿಗೆ ಸಾಲುವುದಾದರೆ, ಬೆನ್ನಿನ ಹಲಗೆಯನ್ನು ಕೊರೆದು ಗಾಳಿ ಬಿಟ್ಟು ಅದನ್ನೇ ಬಳಸುವುದು ಹೊಸದನ್ನು ಮಾಡಿಸುವುದಕ್ಕಿಂತ ಜಾಣತನ. ಗಾಲಿಗಳಿದ್ದರೆ ಮಾತ್ರ ತೆಗೆಸಿಬಿಡಿ. ಮಗುವಿರುವ ಮನೆಯಲ್ಲಿ ಉರುಳುವ ಟಿವಿ ಬೇಡ.

ಇನ್ನು ಜೋಡಣೆ. ಆಚಾರಿಯವರು ಮಾಡಿದ ಬಿಡಿಭಾಗಗಳಿರಲಿ, ಸೊಸೆಯವರ ಮಾತೇ ಗೆದ್ದು ಪೆಟ್ಟಿಗೆಯೇ ಮನೆಗೆ ಬರಲಿ, ಕ್ರಮ ಹೆಚ್ಚು ಬೇರೆಯಲ್ಲ. ಮೊದಲು ಕೊರೆಯುವ ಕೆಲಸ, ಆಮೇಲೆ ಕೂಡಿಸುವ ಕೆಲಸ. ಕೇಬಲ್ಲಿನ ರಂಧ್ರಗಳನ್ನು ಹಲಗೆಗಳು ಬಿಡಿಯಾಗಿರುವಾಗಲೇ 50ರಿಂದ 60 ಮಿಮೀ ವ್ಯಾಸದ ವೃತ್ತ ಕೊರೆಯುವ ಹೋಲ್ ಸಾದಲ್ಲಿ ಮಾಡಿ, ಕೊರೆದ ಒಳ ಅಂಚಿಗೆ ಪಾಲಿಶ್ ಹಚ್ಚಿ ಒಣಗಲು ಬಿಡಿ. ಪಾರ್ಟಿಕಲ್ ಬೋರ್ಡಾದರೆ ಈ ಪಾಲಿಶನ್ನು ಮರೆಯಲೇಬಾರದು. ಹಲಗೆಗಳನ್ನು ಜಮಖಾನದ ಮೇಲೆ ಹರಡಿ, ಎಲ್ಲ ಸ್ಕ್ರೂಗಳನ್ನೂ ಮುಕ್ಕಾಲು ಬಿಗಿಗೆ ನಿಲ್ಲಿಸಿ, ಚೌಕಟ್ಟು ಪೂರ್ತಿ ನಿಂತ ಮೇಲಷ್ಟೇ ಕೊನೆಯ ಬಿಗಿ ಕೊಡಿ. ಒಂದು ಮೂಲೆಯನ್ನು ಮೊದಲೇ ಬಿಗಿದರೆ ಉಳಿದ ತೂತುಗಳು ಎದುರುಬದುರಾಗುವುದಿಲ್ಲ. ಮಿನಿಫಿಕ್ಸ್ ಎಂದು ಕರೆಯುವ ದುಂಡನೆಯ ಲೋಹದ ಬಿಲ್ಲೆಗಳಿದ್ದರೆ, ಅದರ ಮೇಲಿನ ಬಾಣದ ಗುರುತು ಬೋಲ್ಟ್ ಬರುವ ತೂತಿನ ಕಡೆಗಿರುವಂತೆ ಕೂರಿಸಿ, ಬೋಲ್ಟಿನ ತಲೆ ಒಳಬಂದ ಮೇಲೆ ಬಿಗಿ ಸಿಗುವವರೆಗೆ ಮಾತ್ರ ತಿರುಗಿಸಿ. ಇಲ್ಲಿ ಬ್ಯಾಟರಿ ಡ್ರಿಲ್ ಬೇಡ, ಕೈಯ ಸ್ಕ್ರೂಡ್ರೈವರೇ ಬೇಕು; ಹಲಗೆ ಒಡೆಯುವ ಮುನ್ನ ಕೈಗೆ ತಿಳಿಯುತ್ತದೆ, ಡ್ರಿಲ್ಲಿಗೆ ತಿಳಿಯುವುದಿಲ್ಲ.

ಸ್ಕ್ರೂಗಳ ಆಯ್ಕೆ ಆಚಾರಿಯವರ ಜೊತೆ ಸಣ್ಣ ಜಗಳಕ್ಕೆ ಕಾರಣವಾಗಬಹುದು. ಜಿಪ್ಸಂ ಹಲಗೆಗೆಂದು ಬರುವ ಕಪ್ಪು ಸ್ಕ್ರೂಗಳು ಅಗ್ಗ ಮತ್ತು ಮರಕ್ಕೆ ಬೇಗ ಇಳಿಯುತ್ತವೆ ಎಂಬ ಕಾರಣಕ್ಕೆ ಈಗ ಎಲ್ಲ ಕಡೆ ಬಳಕೆಯಲ್ಲಿವೆ. ಅವು ಪೆಡಸು, ಪಕ್ಕದ ಒತ್ತಡಕ್ಕೆ ಮುರಿಯುತ್ತವೆ. ಉಪ್ಪುಗಾಳಿಯಲ್ಲಿ ತುಕ್ಕೂ ಬೇಗ ಹಿಡಿಯುತ್ತದೆ. ಮನೆಯೊಳಗಿನ ಸ್ಟ್ಯಾಂಡಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಸಾಕು. ಕಡಲಿಗೆ ತೀರಾ ಹತ್ತಿರ, ಗಾಳಿ ನೇರ ಬೀಳುವ ಜಾಗಕ್ಕೆ ಮಾಲಿಬ್ಡಿನಮ್ ಸೇರಿದ 316 ಉತ್ತಮ. ಅದು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದಿಲ್ಲ.

ಬೆನ್ನಿನ ತೆಳು ಹಲಗೆಗೆ ಯಾರೂ ಬೆಲೆ ಕೊಡುವುದಿಲ್ಲ, ಆದರೆ ಸ್ಟ್ಯಾಂಡ್ ಎಡಬಲಕ್ಕೆ ವಾಲದಂತೆ ಹಿಡಿದಿಡುವುದು ಅದೇ. ಗಾಳಿಗೆಂದು ಅದನ್ನು ಪೂರ್ತಿ ತೆಗೆದರೆ ಚೌಕಟ್ಟು ಓಲಾಡುತ್ತದೆ. ಇದಕ್ಕೆ ಪರಿಹಾರವಾಗಿ ಹಿಂಬದಿಯಲ್ಲಿ ಮೇಲೆ ಒಂದು, ಕೆಳಗೆ ಒಂದು, 10 ಸೆಂಮೀ ಅಗಲದ ಮರದ ಪಟ್ಟಿಯನ್ನು ಪ್ರತಿ ನಿಲುವಿಗೂ ಎರಡೆರಡು ಸ್ಕ್ರೂ ಹಾಕಿ ಕೂರಿಸಿ, ನಡುವಿನ ಜಾಗವನ್ನು ತೆರೆದಿಡಿ. ಕಿರಿದಾದ ಮೂರನೆಯ ವಿಭಾಗಕ್ಕೆ ಮಾತ್ರ ಪೂರ್ತಿ ಹಲಗೆ ಹೊಡೆಯಬಹುದು. ಕೊನೆಯ ಬಿಗಿ ಕೊಡುವ ಮುನ್ನ ಟೇಪಿನಿಂದ ಎರಡು ಕರ್ಣಗಳನ್ನೂ ಅಳೆಯಿರಿ. ಅವುಗಳ ವ್ಯತ್ಯಾಸ 2ರಿಂದ 3 ಮಿಮೀ ಒಳಗಿದ್ದರೆ ಚೌಕ ಸರಿಯಾಗಿದೆ. ಹಳೆಯ ಮನೆಗಳ ನೆಲ ಒಂದು ಕಡೆಗೆ ಇಳಿಜಾರಾಗಿರುವುದು ಸಾಮಾನ್ಯವಾದ್ದರಿಂದ ಕಾಲುಗಳ ಅಡಿಗೆ ತಿರುಗಿಸಿ ಎತ್ತರ ಹೊಂದಿಸುವ ಪ್ಲಾಸ್ಟಿಕ್ ಪಾದಗಳನ್ನು ಹಾಕಿಸಿ. ಒರೆಸುವ ನೀರೂ ಮರಕ್ಕೆ ತಾಗುವುದಿಲ್ಲ. ಮುಂದೆ ಬಾಗಿಲು ಬೇಕೇ ಬೇಕೆಂದರೆ ಜಾಲರಿಯದು ಇರಲಿ. ಮರದ ಬಾಗಿಲು ರಿಮೋಟಿನ ಅತಿಗೆಂಪು ಬೆಳಕನ್ನು ತಡೆಯುತ್ತದೆ. ಗಾಜಿನದು ಬೆಳಕನ್ನು ಬಿಡುತ್ತದೆ, ಬಿಸಿಯನ್ನು ಬಿಡುವುದಿಲ್ಲ.

ಟಿವಿಯನ್ನು ಇಬ್ಬರು ನಿಂತ ಭಂಗಿಯಲ್ಲೇ, ತೆರೆಗೆ ಬೆರಳು ಒತ್ತದೆ, ಕೆಳ ಅಂಚಿನಲ್ಲಿ ಹಿಡಿದು ಎತ್ತಿ ಇಡಿ. ಆಮೇಲೆ ಮೊಮ್ಮಗನ ವಿಚಾರ. ಮಕ್ಕಳು ಟಿವಿಯ ಅಂಚು ಹಿಡಿದು ಎದ್ದು ನಿಲ್ಲುತ್ತಾರೆ, ಡ್ರಾಯರನ್ನು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಟಿವಿಯ ಬೆನ್ನಿನ ಮೇಲಿನ ಎರಡು ವೆಸಾ ತೂತುಗಳಿಗೆ ನೈಲಾನ್ ಪಟ್ಟಿ ಬೋಲ್ಟ್ ಮಾಡಿ, ಅದರ ಇನ್ನೊಂದು ತುದಿಯನ್ನು ನಾನು ಹೇಳಿದ ಹಿಂಬದಿಯ ಮೇಲಿನ ಮರದ ಪಟ್ಟಿಗೆ ಬಿಗಿಯಾಗಿ ಕಟ್ಟಿ. ಅಗಲವಾಗಿ, ತಗ್ಗಾಗಿ, ರಿಸೀವರಿನ ಭಾರವನ್ನೂ ಹೊತ್ತು ನಿಂತ ಸ್ಟ್ಯಾಂಡ್ ಸುಲಭಕ್ಕೆ ಮಗುಚುವುದಿಲ್ಲ, ಚಿರೇಕಲ್ಲಿನ ಗೋಡೆಗೆ ತೂತು ಹೊಡೆಯುವ ಅಗತ್ಯವೂ ಬೀಳುವುದಿಲ್ಲ. ಇಂಥ ಮನೆಯಲ್ಲಿ ಡ್ರಾಯರ್ ಹಾಕಿಸದಿರುವುದೇ ಮೇಲು.

ಸ್ಪೀಕರುಗಳನ್ನು ಸ್ಟ್ಯಾಂಡಿನ ಮೇಲೆ ಟಿವಿಯ ಅಕ್ಕಪಕ್ಕ ಒತ್ತಿ ಕೂರಿಸುವ ಅಭ್ಯಾಸ 5.1ರ ಉದ್ದೇಶವನ್ನೇ ಹಾಳುಮಾಡುತ್ತದೆ. ಎಡ ಮತ್ತು ಬಲ ಸ್ಪೀಕರುಗಳು ಕುಳಿತವರ ಮೂಗಿನ ನೇರದಿಂದ ಎರಡೂ ಕಡೆಗೆ ಸುಮಾರು 30 ಡಿಗ್ರಿಯಲ್ಲಿರಬೇಕು, ಹಿಂದಿನವು 100ರಿಂದ 120 ಡಿಗ್ರಿಯಲ್ಲಿ. ನಿಮ್ಮ ದೂರಕ್ಕೆ ಲೆಕ್ಕ ಹಾಕಿದರೆ ಮುಂದಿನ ಎರಡರ ನಡುವೆ 2.3 ಮೀಟರ್ ಆಸುಪಾಸು ಬರುತ್ತದೆ. ಅಂದರೆ ಅವು ಸ್ಟ್ಯಾಂಡಿನ ಹೊರಗೆ, ಕಿವಿಯ ಎತ್ತರಕ್ಕೆ, ಸ್ವಂತ ಕಾಲಿನ ಮೇಲೆ ನಿಲ್ಲಬೇಕು. ಸಬ್‌ವೂಫರ್ ನೆಲದ ಮೇಲೆ. ಸ್ಟ್ಯಾಂಡಿನೊಳಗೆ ಬರುವುದು ನಡುವಿನ ಸ್ಪೀಕರ್ ಒಂದೇ, ಅದನ್ನೂ ಹಲಗೆಯ ಮುಂದಿನ ಅಂಚಿಗೆ ಎಳೆದು, ಮುಂಭಾಗದ ಅಡಿಗೆ ರಬ್ಬರಿನ ಚೂರು ಕೊಟ್ಟು ಮೂತಿಯನ್ನು ಕಿವಿಯ ಕಡೆಗೆ ಕೊಂಚ ಎತ್ತಿಡಿ. ಗೂಡಿನ ಆಳಕ್ಕೆ ತಳ್ಳಿದರೆ ಮಾತು ಗಂಟಲಲ್ಲಿ ಸಿಕ್ಕಿಕೊಂಡಂತೆ ಕೇಳಿಸುತ್ತದೆ.

ತಂತಿಗಳಲ್ಲಿ ಕರೆಂಟಿನವು ಒಂದು ಬದಿಗೆ, ಸಂಕೇತದವು ಇನ್ನೊಂದು ಬದಿಗೆ ಇಳಿಯಲಿ. ರಿಸೀವರನ್ನು ಮುಂದಕ್ಕೆ ಎಳೆಯಲು ಸಾಲುವಷ್ಟು ಸಡಿಲು ಬಿಟ್ಟು ಕಟ್ಟಿ. ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಬಿಡದೆ ಹಿಂಬದಿಯ ಪಟ್ಟಿಗೆ ಸ್ಕ್ರೂ ಮಾಡಿ. ಅದನ್ನು ಚುಚ್ಚುವ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಶಿಯನ್ ಒಬ್ಬರಿಂದ ಪರೀಕ್ಷಿಸಿ. ಫೈಬರ್ ತಂತಿಯನ್ನು ಚೂಪಾಗಿ ಮಡಚಬೇಡಿ. ಡಿಶ್ಶಿನ ಕೇಬಲ್ ಗೋಡೆಯ ತೂತಿನೊಳಗೆ ಬರುವ ಮುನ್ನ, ಹೊರಗೆ, ತೂತಿನ ಮಟ್ಟಕ್ಕಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಒಂದು ಬಾಗು ಕೊಡಿಸಿ. ಇಲ್ಲದಿದ್ದರೆ ಮಳೆನೀರು ಕೇಬಲ್ಲಿನ ಮೈಮೇಲೆ ಹರಿದು ನೇರ ಸೆಟ್‌ಟಾಪ್ ಬಾಕ್ಸಿನ ಹಿಂದೆ ಬಂದು ತೊಟ್ಟಿಕ್ಕುತ್ತದೆ. ಗುಡುಗು ಹತ್ತಿರ ಬರುವ ಮುನ್ನ ಕರೆಂಟಿನ ಪ್ಲಗ್ ಮಾತ್ರ ಕಿತ್ತರೆ ಸಾಲದು, ಡಿಶ್ ಕೇಬಲ್ಲನ್ನೂ ಬಿಚ್ಚಬೇಕು. ಅದರಿಂದಾಗಿಯೇ ಸ್ಟ್ಯಾಂಡಿನ ಹಿಂಭಾಗಕ್ಕೆ ಕೈ ಹೋಗುವಂತಿರಬೇಕು. ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ ಮಾದರಿಯದೇ ಎಂದು ನೋಡಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಕೆಲವು ರಿಸೀವರುಗಳು ಗುಂಯ್‌ಗುಡುತ್ತವೆ.

ಶಿರಸಿ, ಸಿದ್ದಾಪುರದ ಕಡೆಯ ಓದುಗರು ಇದನ್ನು ಓದುತ್ತಿದ್ದರೆ, ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಆದ್ದರಿಂದ ಸ್ಕ್ರೂಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ತೇವ ಮತ್ತು ಗೆದ್ದಲಿನ ಮಾತು ಮಾತ್ರ ಅಲ್ಲಿಗೂ ಹಾಗೆಯೇ ಸಲ್ಲುತ್ತದೆ, ಮಣ್ಣಿನ ಗೋಡೆಯ ಮನೆಗಳಲ್ಲಿ ಇನ್ನೂ ಹೆಚ್ಚಾಗಿ.

ಮೊದಲ ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಲ್ಲಿ, ಒಂದು ಬೆಳಗು ಇದಕ್ಕೆ ಮೀಸಲಿಡಿ. ಎಲ್ಲ ಸ್ಕ್ರೂಗಳನ್ನೂ ಒಮ್ಮೆ ಕೈಯಲ್ಲಿ ಬಿಗಿ ಮಾಡಿ, ಟಿವಿಯ ಪಟ್ಟಿ ಸಡಿಲಾಗಿದೆಯೇ ನೋಡಿ, ಹಲಗೆಗಳ ಹಿಂಬದಿಯ ಬೂಷ್ಟನ್ನು ಒಣಬಟ್ಟೆಯಿಂದ ಒರೆಸಿ, ರಿಸೀವರಿನ ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಸ್ಪೀಕರ್ ತಂತಿಯ ತುದಿಯಲ್ಲಿ ತಾಮ್ರ ಹಸಿರುಗಟ್ಟಿದ್ದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಚುಚ್ಚಿ. ಆರಂಭದಲ್ಲೇ ತಂತಿಯನ್ನು ಒಂದಡಿ ಉದ್ದ ಬಿಟ್ಟಿದ್ದರೆ ಈ ಕೆಲಸ ಹಲವು ವರ್ಷ ನಡೆಯುತ್ತದೆ.